ಪೆನ್ಸಿಲ್ ಹಿಡಿದು ತಿದ್ದಿಕೊಟ್ಟ ವಿಯೋಲಾ ವಾದಕರಿಗೆ

ನನ್ನ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡ ವಿಯೋಲಾ, ಇನ್ನೂ ದೊಡ್ಡ ಚೆಲ್ಲೋ ಸೇರಿ ನುಡಿಸುವ ಕೃತಿ) ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕೇಳಿಸುತ್ತಿತ್ತು. ಅದಕ್ಕೇನು, ಬರೆದದ್ದನ್ನೆಲ್ಲ ನುಡಿಸುತ್ತೆ ಅಲ್ವಾ! ನಾಲ್ವರು ವಾದಕರು ಅದನ್ನು ನುಡಿಸಿ ನೋಡಲು ಮೂರೇ ದಿನ ಉಳಿದಿತ್ತು. ಅಳುಕುತ್ತಲೇ ಒಂದಷ್ಟು ಹವ್ಯಾಸಿ ಸಂಯೋಜಕರಿಗೆ ಸ್ವರಲಿಪಿ ಕಳಿಸಿದೆ. ಸುಮ್ನೆ "ಚೆನ್ನಾಗಿದೆ" ಅಂದವರೇ ಜಾಸ್ತಿ.

ಮಾರನೇ ದಿನ ನಿಮ್ಮ ಹಾಳೆಗಳು ಬಂದವು. ಅಂಚಿನ ತುಂಬ ಪೆನ್ಸಿಲ್ ಗುರುತು. ಎರಡನೇ ವಯೊಲಿನ್‌ಗೆ ನಾನು ಬರೆದಿದ್ದ ಒಂದು ಎಫ್ ಸ್ವರ, ಅದರ ಅತಿ ಕೆಳಸ್ವರದ ಜಿ ತಂತಿಗಿಂತಲೂ ಕೆಳಗಿತ್ತು. ಅಂಥ ಸ್ವರವೇ ಆ ವಾದ್ಯದಲ್ಲಿಲ್ಲ. ವಿಯೋಲಾಗೆ ಒಟ್ಟಿಗೆ ಕೊಟ್ಟಿದ್ದ ಡಿ, ಎಫ್ ಎರಡೂ ಅದರ ಅತಿ ಕೆಳಸ್ವರದ ಸಿ ತಂತಿಯ ಮೇಲೇ ಬರುತ್ತವೆ. ಒಂದೇ ತಂತಿಯಲ್ಲಿ ಒಟ್ಟಿಗೆ ಎರಡು ಸ್ವರ ಹೇಗೆ ನುಡಿಸುವುದು? ನೀವು ನಗಲಿಲ್ಲ. ಡಿಯನ್ನು ಮೇಲಿನ ಸ್ಥಾಯಿಗೆ ಒಯ್ದು, ನಿಮ್ಮ ವಿಯೋಲಾದಲ್ಲೇ ನುಡಿಸಿ, ರೆಕಾರ್ಡ್ ಮಾಡಿ ಕಳಿಸಿದಿರಿ. ಪುಟ ತಿರುಗಿಸಲು ಎಲ್ಲಿ ಬಿಡುವು ಬೇಕು ಅಂತಲೂ ಗುರುತು ಹಾಕಿದ್ದಿರಿ.

ಚೆಲ್ಲೋ ಒಂದೇ ನುಡಿಯುವ ಜಾಗದ ಪಕ್ಕದಲ್ಲಿ ಪುಟ್ಟ ಅಕ್ಷರ: "ಇದನ್ನು ಮುಟ್ಟಬೇಡಿ." ಓದಿ ಹೋದ ಜೀವ ಬಂದಂತಾಯಿತು.

ನಾಲ್ವರೂ ಎಲ್ಲೂ ನಿಲ್ಲದೆ ಕೊನೆಯವರೆಗೆ ನುಡಿಸಿದರು. ನಿಮ್ಮ ಹೆಸರು ಕೇಳುವುದನ್ನೇ ಮರೆತಿದ್ದೆ. ತುಂಬಾ ಥ್ಯಾಂಕ್ಸ್. ಆ ಹಾಳೆಗಳು ಇನ್ನೂ ನನ್ನ ಮೇಜಿನ ಮೇಲೇ ಇವೆ.