ಗಾರ್ಮೆಂಟ್ಸಿಗೆ ಹೋಗ್ತೀನಿ ಅಂದ ಮಗಳಿಗೆ

ತಂಗೀ,

ನರ್ಸಿಂಗ್ ಬಿಟ್ಟು ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋಗ್ತೀನಿ, ಸಾಲದ ಕಂತು ನಾನ ಕಟ್ತೀನಿ ಅಂತ ನೀ ರಾತ್ರಿ ಫೋನಿನಾಗ ಅಂದಿ. ನನಗ ಮಾತು ಬರಲಿಲ್ಲ, ಅದಕ್ಕ ಬರೀಲಿಕ್ಕೆ ಕುಂತೀನಿ. ಫೈನಾನ್ಸಿನವರು ನಮ್ಮ ಕಟ್ಟಿ ಮ್ಯಾಲ ಕುಂತು ಏನಂದ್ರು ಅನ್ನೋದು ನಿನಗೂ ಗೊತ್ತದ. ಅದು ಬ್ಯಾಡ.

2022ರ ತೊಗರಿ ಮಾತ್ರ ನೀ ನೋಡಿಲ್ಲ, ಹಾಸ್ಟೆಲ್‌ನಾಗ ಇದ್ದಿ. ಎದಿಮಟ ಬೆಳೆದು ಕಾಯಿ ಕಟ್ಟಿತ್ತು. ಒಂದಿನ ಮುಂಜಾನೆ ಬದುವಿನ ಕಡೆ ನಾಕು ಗಿಡ ಬಾಡಿದ್ವು. ನೆಲ ಹಸೀನ ಇತ್ತು. ಒಂದು ಕಿತ್ತು, ಕುಡುಗೋಲಿಲೆ ಬುಡ ಸೀಳಿದೆ. ಸಿಪ್ಪಿ ಒಳಗ ಕರೀ ಗೆರಿ. ನೆಟೆ ರೋಗ, ಬೇರಿಲಿಂದ ಹತ್ತಿ ಗಿಡಾನ ಬಾಡಿಸೋದು. ಮುಂದ ದಿನಾ ಹೋಗಿ ಒಂದೊಂದು ಗಿಡ ಸೀಳಿ ನೋಡ್ತಿದ್ದೆ, ಹಸರು ಇದ್ದವನ್ನೂ. ಅದರಾಗೂ ಗೆರಿ. ಇದ್ದದ್ದನ್ನೂ ಯಾಕ ಕೀಳ್ತಿ ಅಂತ ನಿಮ್ಮವ್ವ ಬೈದ್ಲು. ನಿಂತ ಬೆಳಿ ನಿಂತಲ್ಲೇ ಒಣಗಿತು, ಕಾಯಿ ಒಡದ್ರ ಜೊಳ್ಳು. ಸರ್ಕಾರದ ಪರಿಹಾರ ಹೆಕ್ಟೇರಿಗೆ 10 ಸಾವಿರ. ಮರುವರ್ಷ ಬರ. ಆಗ ನಿಮ್ಮವ್ವ ಫೈನಾನ್ಸಿನ ಸಾಲದ ಗುಂಪಿನಾಗ ಹೆಸರು ಬರೆಸಿದ್ಲು. ಒಬ್ಬಾಕಿ ಕಟ್ಟದಿದ್ರ ಉಳಿದವರು ಕಟ್ಟಬೇಕು, ಅದಕ್ಕ ಈಗ ಅಕಿ ನೀರಿಗೂ ಹಿಂದಿನ ಓಣಿಲಿಂದ ಹೋಗ್ತಾಳ.

ನೀ ನಕ್ಕೋತ ಮಾತಾಡಿದಿ. ಆ ಹಸರು ಗಿಡ ನೆನಪಾದ್ವು ನನಗ. ಉಂಡಿಯೋ ಇಲ್ಲೋ? ಹಾಸ್ಟೆಲ್‌ನಾಗ ಯಾರರೆ ಏನರೆ ಅಂದ್ರೇನು?

ಕಾಲೇಜು ಬಿಡಬ್ಯಾಡ. ಮೊಬೈಲ್‌ನಾಗ ಸಾಲ ಕೊಡ್ತೀವಂತಾರ, ಆಧಾರ್ ಕಳಿಸಬ್ಯಾಡ. ಓದಲಾರದ ಕಾಗದಕ್ಕ ಸಹಿ ಹಾಕಬ್ಯಾಡ. ಬೆದರಿಸಿ ವಸೂಲಿ ಮಾಡಿದ್ರ 10 ವರ್ಷದ ತನಕ ಜೈಲು ಅಂತ 2025ರಾಗ ಕಾನೂನು ಬಂದದ. ಆದ್ರ ರಿಸರ್ವ್ ಬ್ಯಾಂಕಿನ ನೋಂದಣಿ ಇದ್ದ ಕಂಪನಿಗೆ ಅದು ಹತ್ತಂಗಿಲ್ಲ ಅಂತ ವಕೀಲರು ಹೇಳಿದ್ರು. ನಮ್ಮ ಪಾಲಿನ ಕಾನೂನು ಯಾವಾಗ್ಲೂ ಹಿಂಗ. ಇರಲಿ, ಭಾಷಣ ಆತು.

ದೀಪಾವಳಿಗೆ ಬಂದಾಗ ಓಣಿ ಮುದುಕ್ಯಾರು ನಿನ್ನ ಕಡೆ ಬಿಪಿ ನೋಡಿಸ್ಕೊಳ್ಳಾಕ ಸಾಲಾಗಿ ಕುಂತಿದ್ರು. ನಾ ದನ ಕಟ್ಟೋ ನೆವದಾಗ ನಿಂತು ನೋಡ್ತಿದ್ದೆ. ಒತ್ತಿ ಇಟ್ಟ ನಿನ್ನ ಬೆಂಡೋಲಿ ಇನ್ನೂ ಬಿಡಿಸಿಲ್ಲ. ಅದಕ್ಕ ಏನು ಬರೀಬೇಕೋ ತಿಳಿವಲ್ದು.

ಎರಡು ತಿಂಗಳ ಕಂತಿಗೆ ಎಮ್ಮಿ ಕೊಟ್ಟೀವಿ. ನಿಮ್ಮವ್ವನ ಮುಂದ ಆ ಮಾತು ತಗೀಬ್ಯಾಡ. ಪರೀಕ್ಷಾ ಫೀಗೆ ಕಡೀ ದಿನ ಯಾವುದು, ಎಷ್ಟು ಬೇಕು, ನಾಳೆ ಫೋನ್ ಮಾಡಿ ಹೇಳು. ಎಂಟರ ಮ್ಯಾಲ ಮಾಡು, ಅಷ್ಟೊತ್ತಿಗೆ ಕೂಲಿಲಿಂದ ಬಂದಿರ್ತೀನಿ.

ನಿಮ್ಮಪ್ಪ