ಕೌಂಟರ್ ಹಿಂದೆ ಒಂದು ಸ್ಟೂಲ್: ಮಹಾರಾಷ್ಟ್ರದ ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ಇವತ್ತು ಸೋಮವಾರ. ದಾದರಿನ ನಮ್ಮ ಅಂಗಡಿಗೆ ವಾರದ ರಜೆ. ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಂತ್ರಿಗಳಿಗೆ ಕಾಲು ಚಾಚಿಕೊಂಡು ಪತ್ರ ಬರೆಯುವುದು ಮರ್ಯಾದೆ ಅಲ್ಲ, ಗೊತ್ತು. ಏನು ಮಾಡಲಿ, ಕೆಳಗೆ ಇಳಿಬಿಟ್ಟರೆ ಅರ್ಧ ಗಂಟೆಯಲ್ಲಿ ಪಾದ ವಡಾಪಾವಿನ ಪಾವ್ ಥರ ಊದಿಕೊಳ್ಳುತ್ತದೆ.

ಇದು ನನ್ನ ಮೂರನೇ ಪತ್ರ. ಮೊದಲಿನ ಎರಡನ್ನು ಮಗಳು ಶುದ್ಧ ಮರಾಠಿಯಲ್ಲಿ ಬರೆದುಕೊಟ್ಟಿದ್ದಳು. ಒಂದಕ್ಕೆ ಪತ್ರ ತಲುಪಿದೆ ಅಂತ ಒಂದು ನಂಬರ್ ಬಂತು. ಇನ್ನೊಂದಕ್ಕೆ ಅದೂ ಬರಲಿಲ್ಲ. ಹೇಗೂ ಉತ್ತರ ಬರುವುದಿಲ್ಲ ಅಂದಮೇಲೆ ನನ್ನ ಭಾಷೆಯಲ್ಲೇ ಬರೆಯೋಣ ಅನ್ನಿಸಿತು. ಓದಿ ಹೇಳುವವರಿಗೆ ಮುಂಬೈಯಲ್ಲಿ ಬರ ಇಲ್ಲ. ನಿಮ್ಮ ಕಚೇರಿ ಹತ್ತಿರದ ಯಾವುದಾದರೂ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೊಡಿ, ಓದಿ ಹೇಳುತ್ತಾರೆ. ಕಾಫಿಯನ್ನೂ ಕೊಟ್ಟಾರು.

ಕೇಳುವುದು ದೊಡ್ಡದೇನಲ್ಲ. ಕೌಂಟರ್ ಹಿಂದೆ ಒಂದು ಸ್ಟೂಲ್. ಗಿರಾಕಿ ಇಲ್ಲದಾಗ ಅದರ ಮೇಲೆ ಕೂರುವ ಹಕ್ಕು. ಇಷ್ಟೇ. ಸಂಬಳ ಹೆಚ್ಚಿಸಿ ಅಂತ ಕೇಳುತ್ತಿಲ್ಲ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ನಾನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವಳು. ಅವ್ವ ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುತ್ತಿದ್ದಳು. ಕುಣಿಮಗ್ಗ ನೀವು ನೋಡಿದ್ದೀರೋ ಇಲ್ಲವೋ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ಕೂತು ನೇಯುವುದು. ಬಡತನ ಇತ್ತು, ಬೆನ್ನು ನೋಯುತ್ತಿತ್ತು, ಕಣ್ಣು ಹೋಗುತ್ತಿತ್ತು. ಆದರೆ ಕೂರಬಾರದು ಅಂತ ಅವ್ವನಿಗೆ ಯಾರೂ ಹೇಳಿರಲಿಲ್ಲ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದೆ. ಮನೆಯವರ ಕೆಲಸ ಹೋದಾಗ ದಾದರಿನ ಈ ಸೀರೆ ಅಂಗಡಿ ಸೇರಿದೆ. ಇಳಕಲ್ ಸೀರೆ, ಖಣ ಗೊತ್ತಿರುವ ಹೆಂಗಸು ಬೇಕಿತ್ತು ಅವರಿಗೆ. ಇಲ್ಲಿಯವರು ಅದನ್ನು ಇರಕಲ್ ಅನ್ನುತ್ತಾರೆ. ಟೋಪ್‌ತೆಣಿ ಸೆರಗು ಯಾವುದು, ಗೋಮಿ ದಡಿ ಯಾವುದು, ಅಸಲಿ ಯಾವುದು, ಪವರ್‌ಲೂಮಿಂದು ಯಾವುದು, ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷವಾಯಿತು.

ಒಂದು ವಿಷಯ ಕೇಳಿ. ನಾನು ಸೇರಿದಾಗ ಆ ಅಂಗಡಿಯಲ್ಲಿ ಗಾದಿ ಇತ್ತು. ಬಿಳಿ ಚಾದರ ಹಾಸಿದ ದೊಡ್ಡ ಗಾದಿ. ಗಿರಾಕಿಗಳು ಚಪ್ಪಲಿ ಬಿಟ್ಟು ಬಂದು ಆ ಕಡೆ ಕೂರುತ್ತಿದ್ದರು, ನಾವು ಈ ಕಡೆ. ಸೀರೆ ಬಿಚ್ಚಿ ಹರಡಿ, ಅದರ ಮೇಲೆ ಇನ್ನೊಂದು ಹರಡಿ, ಮಾತಾಡುತ್ತಾ ಮಾತಾಡುತ್ತಾ ಮದುವೆ ಜವಳಿ ಪೂರ್ತಿ ಕೂತೇ ಮಾರಿದ್ದೇನೆ. ವ್ಯಾಪಾರ ಮುಳುಗಿರಲಿಲ್ಲ. ಆಮೇಲೆ ಅಂಗಡಿ ರಿನೋವೇಶನ್ ಆಯಿತು. ಗಾದಿ ಹೋಯಿತು, ಗಾಜಿನ ಕೌಂಟರ್ ಬಂತು, ಎಸಿ ಬಂತು, ನೆಲಕ್ಕೆ ಜಾರುವ ಟೈಲ್ಸ್ ಬಂತು. ಗಿರಾಕಿಗಳಿಗೆ ಎತ್ತರದ ಕುರ್ಚಿ ಬಂತು. ಅವರ ಗಂಡಂದಿರಿಗೆ ಮೂಲೆಯಲ್ಲಿ ಸೋಫಾ ಬಂತು. ನಮಗೆ ಯೂನಿಫಾರ್ಮ್ ಬಂತು.

ಹಾಗಾಗಿ ಸೀರೆ ಮಾರುವವರು ನಿಂತೇ ಇರಬೇಕು ಅನ್ನುವುದು ತಾತನ ಕಾಲದ ಪದ್ಧತಿ ಏನಲ್ಲ. ನನ್ನ ಕಣ್ಣೆದುರಿಗೇ ಶುರುವಾದದ್ದು.

ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಎಂಟೂವರೆ. ಮಧ್ಯೆ ಊಟಕ್ಕೆ ಅರ್ಧ ಗಂಟೆ. ಅದೂ ಸ್ಟೋರ್‌ರೂಮಿನಲ್ಲಿ, ಗಂಟುಗಳ ನಡುವೆ. ದೀಪಾವಳಿ, ಗುಡಿಪಾಡ್ವಾ, ಮದುವೆ ಸೀಸನ್ ಬಂದರೆ ಆ ಅರ್ಧ ಗಂಟೆಯೂ ಹತ್ತು ನಿಮಿಷ. ಆಮೇಲೆ ಲೋಕಲ್. ದಾದರಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಡೊಂಬಿವಲಿ ಕಡೆಯ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುವುದು ಲಾಟರಿ ಹೊಡೆದ ಹಾಗೆ. ಹತ್ತಿದ ಕೂಡಲೇ ಕೂತವರನ್ನೆಲ್ಲ ‘ಕುಠೇ ಉತರಣಾರ್?’, ಎಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಾ ಹೋಗುತ್ತೇನೆ. ಘಾಟ್ಕೋಪರ್ ಅಂದವಳು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಚೌಥಿ ಸೀಟು, ಅಂದರೆ ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ತೊಡೆ ಊರಿಕೊಂಡು ಕೂರುವುದು. ನಂಬಿ, ಇಡೀ ದಿನದಲ್ಲಿ ನನಗೆ ಸಿಗುವ ದೊಡ್ಡ ಸುಖ ಅದು.

ಮೊದಲು ಸಂಜೆ ಹೊತ್ತು ಮಾತ್ರ ಚಪ್ಪಲಿ ಬಿಗಿಯಾಗುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ ಶುರುವಾಯಿತು. ಕಣಕಾಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಕೈ ತೆಗೆದಮೇಲೂ ಗುಳಿ ಹಾಗೇ ಇರುತ್ತದೆ, ಹಸಿ ರೊಟ್ಟಿ ಹಿಟ್ಟಿನಲ್ಲಿ ಬೆರಳೊತ್ತಿದ ಹಾಗೆ. ಮೀನಖಂಡದ ಹಿಂದೆ ನೀಲಿ ನರ ಹಗ್ಗದ ಥರ ಸುತ್ತಿಕೊಂಡಿವೆ. ಡಾಕ್ಟರು ಮೊದಲು ಕಿಡ್ನಿ, ಹೃದಯ, ಥೈರಾಯ್ಡ್ ಎಲ್ಲಾ ನೋಡಿಸಿದರು. ಅವೆಲ್ಲ ಸರಿ ಇವೆ. ಆಮೇಲೆ ಹೇಳಿದರು, ‘ನಿಮ್ಮ ಕಾಯಿಲೆಯ ಹೆಸರು ನೌಕರಿ.’

ಅವರು ವಿವರಿಸಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಕಾಲಿಗೆ ಇಳಿದ ರಕ್ತ ಮತ್ತೆ ಮೇಲೆ ಹತ್ತಬೇಕಲ್ಲ, ಅದಕ್ಕೆ ಮೀನಖಂಡವೇ ಪಂಪು. ನಡೆದಾಡಿದರೆ ಆ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಪಂಪು ಬಂದ್. ರಕ್ತ ನರದಲ್ಲೇ ನಿಲ್ಲುತ್ತದೆ, ಅದರೊಳಗಿನ ನೀರು ಜಿನುಗಿ ಪಾದ ಬಾತುಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ನರದ ಒಳಗಿನ ಬಾಗಿಲುಗಳು ಸಡಿಲವಾಗುತ್ತವೆ. ಆಮೇಲೆ ಅವು ಮೊದಲಿನ ಹಾಗೆ ಮುಚ್ಚುವುದಿಲ್ಲ. ಎರಡೂ ಕಾಲು ಸಂಜೆಗೆ ಊದಿ ಬೆಳಿಗ್ಗೆ ಇಳಿದರೆ ಒಂದು ಲೆಕ್ಕ. ಒಂದೇ ಕಾಲು ತಟ್ಟನೆ ಊದಿ, ನೋವು, ಬಿಸಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ ಅಂದರು, ರಕ್ತ ಹೆಪ್ಪುಗಟ್ಟಿರಬಹುದಂತೆ. ಇದನ್ನು ಅಂಗಡಿಯ ಎಲ್ಲಾ ಹುಡುಗಿಯರಿಗೂ ಹೇಳಿಟ್ಟಿದ್ದೇನೆ.

ಬಿಗಿ ಕಾಲುಚೀಲ ಬರೆದುಕೊಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಬಾವು ಬರುವ ಮುಂಚೆ ಹಾಕಬೇಕು. ಮುಂಬೈಯ ಮೇ ತಿಂಗಳಿನಲ್ಲಿ, ತುಂಬಿದ ಲೋಕಲ್‌ನಲ್ಲಿ ಅದನ್ನು ಹಾಕಿಕೊಂಡು ನಿಂತು ನೋಡಿ ಸಾಹೇಬರೇ. ರಾತ್ರಿ ಕಾಲು ಎತ್ತರಕ್ಕಿಡಿ ಅಂದರು, ಇಡುತ್ತೇನೆ. ಉಪ್ಪು ಕಡಿಮೆ ಮಾಡಿ ಅಂದರು, ಮಾಡಿದೆ. ಗಂಟೆಗೊಮ್ಮೆ ಐದು ನಿಮಿಷ ಕೂರಿ ಅಂದರು. ಅಲ್ಲೇ ಸಿಕ್ಕಿಬಿದ್ದದ್ದು.

ಕಳೆದ ಶ್ರಾವಣದಲ್ಲಿ ನನ್ನ ಕಾಲುಂಗುರ ಕತ್ತರಿಸಬೇಕಾಯಿತು. ಬೆರಳು ಊದಿ ಉಂಗುರ ಒಳಗೆ ಹೂತುಹೋಗಿತ್ತು. ಸೋಪು, ಎಣ್ಣೆ, ದಾರ, ಯಾವುದಕ್ಕೂ ಬಗ್ಗಲಿಲ್ಲ. ಡೊಂಬಿವಲಿಯ ಅಕ್ಕಸಾಲಿ ಸಣ್ಣ ಕಟರ್ ತಂದು, ನನ್ನ ಪಾದವನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಕತ್ತರಿಸಿದ. ಕಟ್ ಅಂತ ಶಬ್ದ ಬಂತು. ಮದುವೆಯಲ್ಲಿ ಅವ್ವ ತೊಡಿಸಿದ್ದು. ಮನೆಯವರು ಎದುರಿಗೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಎರಡು ತುಂಡನ್ನು ಕಾಗದದಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಊರಿಗೆ ಹೋದಾಗ ಅತ್ತೆಗೆ ಕಾಣದಿರಲಿ ಅಂತ ಸೀರೆಯನ್ನು ಜಾಸ್ತಿ ಕೆಳಗೆ ಬಿಟ್ಟು ಉಟ್ಟಿದ್ದೆ.

ಇಷ್ಟಾದರೂ ಸುಮ್ಮನಿದ್ದೆ. ಪತ್ರ ಬರೆಸಿದ್ದು ದೀಪಾವಳಿ ಹಿಂದಿನ ವಾರದ ಘಟನೆ.

ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ. ಆಗ ಆರು ತಿಂಗಳ ಬಸುರಿ. ಮಧ್ಯಾಹ್ನ ಮೂರು ಗಂಟೆ, ಗಿರಾಕಿ ಯಾರೂ ಇರಲಿಲ್ಲ. ಟ್ರಯಲ್ ರೂಮಿನ ಮೆಟ್ಟಿಲ ಮೇಲೆ ಕೂತಳು. ನಾನೇ ಕೂರಿಸಿದೆ ಅನ್ನಿ. ಎರಡು ನಿಮಿಷ ಕೂತಿರಬಹುದು. ಹದಿನೈದು ನಿಮಿಷದಲ್ಲಿ ಎಲ್ಲರ ಫೋನೂ ಟಿಂಗ್ ಅಂದಿತು. ಸ್ಟಾಫ್ ವಾಟ್ಸಾಪ್ ಗುಂಪಿನಲ್ಲಿ ಸಿಸಿಟಿವಿ ಫೋಟೋ. ಅವಳ ಸುತ್ತ ಕೆಂಪು ಗೆರೆಯ ವೃತ್ತ, ಕಳ್ಳರಿಗೆ ಹಾಕುತ್ತಾರಲ್ಲ, ಹಾಗೆ. ಕೆಳಗೆ ‘ಡ್ಯೂಟಿ ಟೈಮಲ್ಲಿ ಆರಾಮ್? ಹಾಫ್ ಡೇ ಕಟ್.’ ಅದರ ಕೆಳಗೆ ಕೈ ಮುಗಿಯುವ ಒಂದು ಚಿತ್ರ. ಆ ಕೈ ಮುಗಿಯುವುದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹೊತ್ತಿಗೆ ಷೋಕೇಸಿನಲ್ಲಿ ದೀಪಾವಳಿ ಅಲಂಕಾರ ಆಗಿತ್ತು. ಪೈಠಣಿ ಉಟ್ಟ ಗೊಂಬೆಯೊಂದನ್ನು ಕೆತ್ತನೆ ಕುರ್ಚಿಯ ಮೇಲೆ ಕೂರಿಸಿದ್ದರು. ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ನಲವತ್ತು ದಿನ ಕೂತಿತ್ತು. ಅದಕ್ಕೆ ಯಾರೂ ಹಾಫ್ ಡೇ ಕಟ್ ಮಾಡಲಿಲ್ಲ.

ನಾನು ಹೋಗಿ ಕೇಳಿದೆ. ಸೇಠ್ ಬೈಯಲಿಲ್ಲ, ಅದು ನಿಜ. ‘ಅಕ್ಕಾ, ನೀವು ಕೂತರೆ ಅಂಗಡಿಯಲ್ಲಿ ಧಂದಾ ಇಲ್ಲ ಅಂತ ಗಿರಾಕಿಗೆ ಅನ್ನಿಸುತ್ತದೆ. ಆಮೇಲೆ, ಇದು ಯಾವ ಕಾನೂನಲ್ಲಿದೆ, ತೋರಿಸಿ’ ಅಂದರು.

ಮಗಳು ಫೋನಿನಲ್ಲಿ ಹುಡುಕಿ ಕೊಟ್ಟಳು, ಇಬ್ಬರೂ ಕೂತು ಓದಿದೆವು. ಸಾಹೇಬರೇ, ನಿಮಗೆ ಇದೆಲ್ಲ ಬಾಯಿಪಾಠ ಇರುತ್ತದೆ. 1948ರ ಫ್ಯಾಕ್ಟರಿ ಕಾಯ್ದೆಯ 44ನೇ ಕಲಂ. ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅಂತ ಅವತ್ತೇ ಬರೆದಿದ್ದರು. ಆದರೆ ಅದು ಇದ್ದದ್ದು ಫ್ಯಾಕ್ಟರಿಗೆ. ಸೀರೆ ಅಂಗಡಿಯವರ ಕಾಲು ಬೇರೆ ಥರ ಇರುತ್ತದೆ ಅಂದುಕೊಂಡರೋ ಏನೋ. ನಿಮ್ಮ 2017ರ ಅಂಗಡಿ ಕಾಯ್ದೆಯಲ್ಲಿ ಕುಡಿಯುವ ನೀರಿದೆ, ಶೌಚಾಲಯ ಇದೆ, ಪ್ರಥಮ ಚಿಕಿತ್ಸೆ ಇದೆ, 50 ಜನ ಇದ್ದರೆ ಕೂಸಿನ ಮನೆ ಇದೆ. ಸ್ಟೂಲ್ ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಬೀಳಲಿಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲೂ ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಅಂತ ಒಂದು ಸಾಲಿದೆ. ಆ ಸಾಲು ದೆಹಲಿಯಿಂದ ದಾದರಿಗೆ ಬರಲು ಯಾವ ಗಾಡಿ ಹಿಡಿದಿದೆಯೋ, ನಮ್ಮ ಅಂಗಡಿಗೆ ಇನ್ನೂ ಬಂದಿಲ್ಲ.

ಕೇರಳ 2018ರಲ್ಲೇ ತನ್ನ ಅಂಗಡಿ ಕಾಯ್ದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು. ಅಲ್ಲೂ ಯಾರೂ ಸುಮ್ನೆ ಕೊಟ್ಟದ್ದಲ್ಲ. ಕಲ್ಲಿಕೋಟೆಯ ಮಿಠಾಯಿ ತೆರುವಿನ ಅಂಗಡಿ ಹೆಂಗಸರು ಮೊದಲು ಶೌಚಾಲಯಕ್ಕೆ ಜಗಳ ಮಾಡಿದರು, ಆಮೇಲೆ ಕುರ್ಚಿಗೆ. ಮುಂದೆ ನಿಂತದ್ದು ಪಿ. ವಿಜಿ ಅನ್ನುವ ಒಬ್ಬ ಟೈಲರ್ ಹೆಂಗಸು. 2021ರಲ್ಲಿ ತಮಿಳುನಾಡೂ ಕಾಯ್ದೆ ತಿದ್ದಿತು. ಇನ್ನೂ ಹಿಂದೆ ಹೋಗಬೇಕಾ? ಇಂಗ್ಲೆಂಡಿನಲ್ಲಿ 1899ರಲ್ಲೇ, ವಿಕ್ಟೋರಿಯಾ ರಾಣಿ ಬದುಕಿದ್ದಾಗಲೇ, ಅಂಗಡಿಯಲ್ಲಿ ಮೂವರು ಹೆಂಗಸರಿಗೆ ಒಂದು ಸೀಟು ಇಡಲೇಬೇಕು ಅಂತ ಕಾನೂನು ಬಂತು. ಅವರ ರೈಲು ತಂದೆವು, ಅವರ ಕ್ರಿಕೆಟ್ ತಂದೆವು. ಸ್ಟೂಲ್ ಮಾತ್ರ ಹಡಗಿನಲ್ಲೇ ಉಳಿದುಹೋಯಿತು.

ಇನ್ನು ನೀವು ಮಾಡಿದ್ದು. 2025ರ ಸೆಪ್ಟೆಂಬರಿನಲ್ಲಿ ನಿಮ್ಮ ಮಂತ್ರಿಮಂಡಲ ಅಂಗಡಿಗಳ ದಿನದ ಕೆಲಸವನ್ನು 9 ಗಂಟೆಯಿಂದ 10 ಗಂಟೆಗೆ ಏರಿಸಲು ಒಪ್ಪಿತು. ಕಾಯ್ದೆ ಅನ್ವಯಿಸುವುದು 10 ಜನರ ಬದಲು 20 ಜನ ಇರುವ ಕಡೆ ಅಂತಲೂ ಆಯಿತು. ನಮ್ಮ ಅಂಗಡಿಯಲ್ಲಿ ಇರುವುದು 16 ಜನ. ಅಂದರೆ ಸ್ಟೂಲ್ ಕೇಳಿದವರಿಗೆ ಇನ್ನೊಂದು ಗಂಟೆ ನಿಲ್ಲುವ ಅವಕಾಶ ಮಾಡಿಕೊಟ್ಟು, ಕಾನೂನಿನ ಬಾಗಿಲಿನಿಂದಲೂ ಆಚೆ ಕಳಿಸಿದಿರಿ. ಕುರ್ಚಿ ಜೋಕು ಮಾಡಬಾರದು ಅಂದುಕೊಂಡಿದ್ದೆ. ಆದರೂ ಹೇಳುತ್ತೇನೆ, ಕುರ್ಚಿ ಕೈತಪ್ಪಿದರೆ ಹೇಗಿರುತ್ತದೆ ಅಂತ ರಾಜಕೀಯದವರಿಗೆ ನಾವು ಹೇಳಿಕೊಡಬೇಕಾ?

ಇದು ನನ್ನೊಬ್ಬಳ ಕಾಲಿನ ಮಾತಲ್ಲ. ಮಾಲಿನ ಬಾಗಿಲಲ್ಲಿ ನಿಂತ ವಾಚ್‌ಮನ್, ಮೆಡಿಕಲ್ ಅಂಗಡಿಯ ಹುಡುಗ, ಬಂಗಾರದ ಅಂಗಡಿಯ ಹುಡುಗಿ, ನಮ್ಮೂರ ಕಡೆಯಿಂದ ಬಂದು ಹೋಟೆಲಿನಲ್ಲಿ ತಟ್ಟೆ ಹಿಡಿದ ಹುಡುಗರು. ಯಾರ ಚಪ್ಪಲಿ ಬೇಕಾದರೂ ಸಂಜೆ ಏಳಕ್ಕೆ ಬಿಚ್ಚಿಸಿ ನೋಡಿ. ಪಟ್ಟಿಯ ಅಚ್ಚು ಪಾದದ ಮೇಲೆ ಬರೆ ಹಾಕಿದ ಹಾಗೆ ಇರುತ್ತದೆ.

ಇದೇ ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರಿಗಾಗಿ ಹೋರಾಡಿ 1890ರ ಜೂನ್ 10ರಂದು ಭಾನುವಾರದ ರಜೆ ಗಳಿಸಿಕೊಟ್ಟರು. ಅದಕ್ಕೆ ಅವರಿಗೆ ಎಷ್ಟೋ ವರ್ಷ ಹಿಡಿಯಿತು. ಒಂದು ಸ್ಟೂಲಿಗೆ ನಿಮಗೆ ಎಷ್ಟು ವರ್ಷ ಬೇಕು ಅಂತ ಹೇಳಿಬಿಡಿ, ಅಷ್ಟು ದಿನ ಈ ಕಾಲು ಬಂದರೆ ಕಾಯುತ್ತೇನೆ.

ಕೌಂಟರ್ ಹಿಂದೆ ಒಂದು ಸ್ಟೂಲ್. ಗಿರಾಕಿ ಇಲ್ಲದಾಗ ಕೂರುವ ಹಕ್ಕು. ಕೂತವರ ಸಂಬಳ ಕತ್ತರಿಸಿದರೆ ಮಾಲೀಕರಿಗೆ ದಂಡ. 20 ಜನ ಇರಲಿ, ಇಬ್ಬರೇ ಇರಲಿ, ಎಲ್ಲಾ ಅಂಗಡಿಗೂ. ಇದನ್ನು ನಿಮ್ಮ ಕಾಯ್ದೆಯಲ್ಲಿ ಯಾರಿಗೂ ಅನುಮಾನ ಬರದ ಹಾಗೆ ಮರಾಠಿಯಲ್ಲಿ ಬರೆಯಿರಿ. ಸೇಠ್‌ಗೆ ತೋರಿಸುವ ಕೆಲಸ ನನ್ನದು.

ಆ ಹುಡುಗಿಗೆ ಗಂಡು ಮಗುವಾಗಿದೆ. ಮುಂದಿನ ತಿಂಗಳು ಕೆಲಸಕ್ಕೆ ವಾಪಸ್ ಬರುತ್ತಾಳೆ. ಸ್ಟೂಲ್ ಅಷ್ಟರೊಳಗೆ ಬಂದರೆ ಅನುಕೂಲ.

ಇತಿ,
ದಾದರಿನ ಒಬ್ಬ ಸೇಲ್ಸ್‌ಗರ್ಲ್
(ವಯಸ್ಸು 47. ಅಂಗಡಿಯ ರಿಜಿಸ್ಟರಿನಲ್ಲಿ ಇನ್ನೂ ಗರ್ಲ್ ಅಂತಲೇ ಇದೆ.)