ಪದವಿಯ ಅರ್ಜಿ ಕೊನೆಯ ಸೆಮಿಸ್ಟರ್‌ನ ಆರಂಭದಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಎರಡು ವರ್ಷ ಓದಿ, ನಾಲ್ಕೂ ಸೆಮಿಸ್ಟರ್ ಮುಗಿಸಿ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೂ ನಮ್ಮ ರಾಜ್ಯದ ಸ್ನಾತಕೋತ್ತರ ವಿದ್ಯಾರ್ಥಿಯ ಕೈಗೆ ಪದವಿ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಫಲಿತಾಂಶ ಬಂದು ತಿಂಗಳುಗಳಾದ ಮೇಲೆ ವಿಶ್ವವಿದ್ಯಾಲಯವು ಘಟಿಕೋತ್ಸವದ ಪ್ರಕಟಣೆ ಹೊರಡಿಸುತ್ತದೆ. ದಂಡವಿಲ್ಲದೆ ಅರ್ಜಿ ಸಲ್ಲಿಸಲು ಒಂದು ದಿನಾಂಕ, ದಂಡ ಸಹಿತ ಇನ್ನೊಂದು. ಖುದ್ದಾಗಿ ಪಡೆಯುವವರಿಗೆ ಒಂದು ಶುಲ್ಕ, ಗೈರುಹಾಜರಿಯಲ್ಲಿ ಪಡೆಯುವವರಿಗೆ ಮತ್ತೊಂದು. ಈ ಹೊತ್ತಿಗೆ ಹಾಸ್ಟೆಲ್ ಖಾಲಿ ಮಾಡಿ ಊರು ಸೇರಿರುವ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ವಿದ್ಯಾರ್ಥಿ ಆ ಪ್ರಕಟಣೆಯನ್ನು ನೋಡಿದನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ನಾನು ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕಿ. ಕೆಲಸದಲ್ಲಿದ್ದಾಗಲೂ ಈಗಲೂ ಹಳೆಯ ವಿದ್ಯಾರ್ಥಿಗಳು ನನ್ನ ಬಳಿ ತರುವ ದೂರುಗಳಲ್ಲಿ ಇದೇ ಹೆಚ್ಚು. ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಎಂ.ಎ. ಮುಗಿಸಿ ಊರಿಗೆ ಹೋದವಳಿಗೆ ಘಟಿಕೋತ್ಸವದ ಪ್ರಕಟಣೆಯ ಸುದ್ದಿ ತಲುಪಲೇ ಇಲ್ಲ. ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಮೂಲ ಪದವಿ ಪ್ರಮಾಣಪತ್ರ ಕೇಳಿದಾಗಲೇ, ಅರ್ಜಿ ಹಾಕದ್ದರಿಂದ ತನ್ನ ಹೆಸರು ಪದವೀಧರರ ಪಟ್ಟಿಯಲ್ಲೇ ಇಲ್ಲವೆಂದು ಗೊತ್ತಾಯಿತು. ವಿಶ್ವವಿದ್ಯಾಲಯದ ಉತ್ತರ ಒಂದೇ: ಮುಂದಿನ ಘಟಿಕೋತ್ಸವಕ್ಕೆ ಅರ್ಜಿ ಹಾಕಿ. ತಾತ್ಕಾಲಿಕ ಪದವಿ ಪ್ರಮಾಣಪತ್ರ ತರಬಹುದಿತ್ತಲ್ಲ ಎನ್ನಬಹುದು. ಅದಕ್ಕೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಜಿಲ್ಲಾ ಕೇಂದ್ರಕ್ಕೆ ಪ್ರತ್ಯೇಕ ಪ್ರಯಾಣ. ಆಯ್ಕೆ ಪ್ರಕ್ರಿಯೆ ಅಷ್ಟು ದಿನ ಅವಳಿಗಾಗಿ ಕಾಯಲಿಲ್ಲ.

ಅವಳು ಏನನ್ನು ಅರ್ಜಿಯಲ್ಲಿ ಹೊಸದಾಗಿ ತಿಳಿಸಬೇಕಿತ್ತು? ಅಂಕಗಳು ವಿಶ್ವವಿದ್ಯಾಲಯವೇ ಕೊಟ್ಟವು. ನೋಂದಣಿ ಸಂಖ್ಯೆ, ಭಾವಚಿತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಪ್ರವೇಶದ ದಿನದಿಂದಲೂ ಅಲ್ಲೇ ಇವೆ. ರಾಜ್ಯ ಸರ್ಕಾರ 2021ರಲ್ಲಿ ಜಾರಿಗೆ ತಂದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯ ಉದ್ದೇಶವೇ ಪ್ರವೇಶದಿಂದ ಫಲಿತಾಂಶದವರೆಗಿನ ದಾಖಲೆಗಳನ್ನು ಒಂದೇ ಕಡೆ ಇಡುವುದು. ಹಾಗಿದ್ದೂ ತಾನೇ ಅಚ್ಚು ಹಾಕಿಸಿದ ಅಂಕಪಟ್ಟಿಗಳ ನಕಲನ್ನು ದೃಢೀಕರಿಸಿ ತನ್ನಿ ಎಂದು ವಿಶ್ವವಿದ್ಯಾಲಯವು ವಿದ್ಯಾರ್ಥಿಯನ್ನು ಕೇಳುವುದು ನನಗೆ ಅರ್ಥವಾಗಿಲ್ಲ.

ಅರ್ಜಿಯೇ ಬೇಡ ಎಂಬುದು ನನ್ನ ವಾದವಲ್ಲ. ಅರ್ಜಿಯ ಕಾಲ ತಪ್ಪಿದೆ ಎಂಬುದು ನನ್ನ ವಾದ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲೂ ಸ್ನಾತಕೋತ್ತರ ವಿದ್ಯಾರ್ಥಿಗಳು ಪದವಿಗೆ ಅರ್ಜಿ ಹಾಕಲೇಬೇಕು. ಅಲ್ಲಿ ಓದುತ್ತಿರುವ ನಮ್ಮ ಹುಡುಗರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಅಲ್ಲಿ ಆ ಅರ್ಜಿಯ ಗಡುವು ಸಾಮಾನ್ಯವಾಗಿ ಕೊನೆಯ ಸೆಮಿಸ್ಟರ್‌ನ ಆರಂಭಕ್ಕೋ ಅದರ ಹಿಂದಿನ ಸೆಮಿಸ್ಟರ್‌ಗೋ ಇರುತ್ತದೆ. ಅರ್ಜಿ ಬಂದ ಕೂಡಲೇ ಕಚೇರಿಯವರು ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಲೆಕ್ಕ ಹಾಕುತ್ತಾರೆ. ಇಂಥ ವಿಷಯ ಬಾಕಿ ಇದೆ, ಇಂಥ ಅಂಕ ದಾಖಲಾಗಿಲ್ಲ, ಪ್ರಬಂಧಕ್ಕೆ ಸಮಿತಿಯ ಸಹಿ ಬೇಕು ಎಂದು ಸರಿಪಡಿಸಿಕೊಳ್ಳಲು ಸಮಯ ಇರುವಾಗಲೇ ತಿಳಿಸುತ್ತಾರೆ. ಗಡುವು ತಪ್ಪಿದರೆ ಅಲ್ಲಿಯೂ ಪದವಿ ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು. ಆ ಕಟ್ಟುನಿಟ್ಟನ್ನು ನಾನು ಹೊಗಳುತ್ತಿಲ್ಲ. ಆದರೆ ಆ ಅರ್ಜಿಯಿಂದ ವಿದ್ಯಾರ್ಥಿಗೆ ಒಂದು ಉಪಯೋಗವಿದೆ. ನಮ್ಮ ಅರ್ಜಿ ಎಲ್ಲ ಮುಗಿದ ಮೇಲೆ ಬರುತ್ತದೆ, ಆದ್ದರಿಂದ ಶುಲ್ಕ ವಸೂಲಿಯ ಹೊರತು ಬೇರಾವ ಕೆಲಸಕ್ಕೂ ಒದಗುವುದಿಲ್ಲ.

ಅಂಥ ಪರಿಶೀಲನೆ ನಮಗೆ ಅವರಿಗಿಂತ ಹೆಚ್ಚು ಬೇಕಾಗಿದೆ. ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದ ಮೇಲೆ ಸ್ನಾತಕೋತ್ತರ ವಿದ್ಯಾರ್ಥಿ ಕಡ್ಡಾಯ ವಿಷಯ, ಐಚ್ಛಿಕ ವಿಷಯ, ಬೇರೆ ವಿಭಾಗದ ಮುಕ್ತ ಐಚ್ಛಿಕ ವಿಷಯ ಎಂದು ಹಲವು ಕಡೆ ಅಂಕ ಪಡೆಯುತ್ತಾನೆ. ಬೇರೆ ವಿಭಾಗದಲ್ಲಿ ಓದಿದ ವಿಷಯದ ಆಂತರಿಕ ಅಂಕ ಆ ವಿಭಾಗದಿಂದ ಮೌಲ್ಯಮಾಪನ ಕಚೇರಿಗೆ ಹೋಗದೆ ಉಳಿದ ಪ್ರಸಂಗಗಳನ್ನು ಅಧ್ಯಾಪಕರಾಗಿದ್ದವರೆಲ್ಲ ಬಲ್ಲರು. ಎರಡನೇ ಸೆಮಿಸ್ಟರ್‌ನಲ್ಲಿ ಆದ ಈ ಲೋಪ ಬೆಳಕಿಗೆ ಬರುವುದು ಪದವಿಯ ಅರ್ಜಿ ತಿರಸ್ಕೃತವಾದಾಗ. ಆ ಹೊತ್ತಿಗೆ ಪಾಠ ಮಾಡಿದ ಅತಿಥಿ ಉಪನ್ಯಾಸಕರು ಬೇರೆ ಕಾಲೇಜಿಗೆ ಹೋಗಿರುತ್ತಾರೆ, ಅಂಕಗಳ ರಿಜಿಸ್ಟರ್ ಯಾವ ಬೀರುವಿನಲ್ಲಿದೆಯೋ ಹೇಳುವವರಿರುವುದಿಲ್ಲ. ಹೆಸರಿನ ತೊಂದರೆ ಬೇರೆ. ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಒಂದು ಅಕ್ಷರ, ಒಂದು ಇನಿಷಿಯಲ್ ವ್ಯತ್ಯಾಸವಾದರೂ ತಿದ್ದುಪಡಿಗೆ ಪ್ರಮಾಣಪತ್ರ ಹಿಂತಿರುಗಿಸಿ, ಅಫಿಡವಿಟ್ ಮಾಡಿಸಿ, ಮತ್ತೆ ಶುಲ್ಕ ಕಟ್ಟಬೇಕು. ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಪದವಿಯ ದೃಢೀಕರಣವಾಗಬೇಕು. ಪಾಸ್‌ಪೋರ್ಟಿನ ಹೆಸರಿಗೂ ಪದವಿಯ ಹೆಸರಿಗೂ ಹೊಂದಾಣಿಕೆಯಾಗದಿದ್ದರೆ ವೀಸಾದ ಕೆಲಸ ನಿಲ್ಲುತ್ತದೆ.

ಕಾನೂನು ವಿದ್ಯಾರ್ಥಿಯ ಪರವಾಗಿಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2008ರ ಪದವಿ ಪ್ರದಾನ ನಿಯಮಾವಳಿಯ ಪ್ರಕಾರ, ವಿದ್ಯಾರ್ಥಿ ಅರ್ಹನಾದ ದಿನದಿಂದ 180 ದಿನಗಳೊಳಗೆ ಪದವಿ ಪ್ರದಾನವಾಗಬೇಕು. ಆಯೋಗ ಇದನ್ನು ಸುತ್ತೋಲೆಗಳ ಮೂಲಕ ಮತ್ತೆ ಮತ್ತೆ ನೆನಪಿಸಿದೆ. ನಮ್ಮಲ್ಲಿ ಪದವಿ ಮಾತ್ರ ಸಮಾರಂಭಕ್ಕಾಗಿ ಕಾಯುತ್ತದೆ. ಕುಲಾಧಿಪತಿಗಳಾದ ರಾಜ್ಯಪಾಲರ ಬಿಡುವು, ಮುಖ್ಯ ಅತಿಥಿಯ ಒಪ್ಪಿಗೆ, ಗೌರವ ಡಾಕ್ಟರೇಟ್‌ಗಳ ಪಟ್ಟಿ ಎಲ್ಲ ಕೂಡಿಬರಬೇಕು. ಡಿಜಿಲಾಕರ್ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ. ಅದರಲ್ಲಿರುವ ಪದವಿ ಮೂಲ ದಾಖಲೆಯಷ್ಟೇ ಮಾನ್ಯ ಎಂದು ಆಯೋಗ ಹೇಳಿದೆ, ನಿಜ. ಆದರೆ ಪ್ರದಾನವೇ ಆಗದ ಪದವಿ ಡಿಜಿಲಾಕರ್‌ನಲ್ಲಿ ಕಾಣಿಸುವುದು ಹೇಗೆ?

ಘಟಿಕೋತ್ಸವದ ಬಗ್ಗೆ ನನಗೆ ಗೌರವವಿದೆ. ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ 1918ರಲ್ಲಿ ನಡೆಯಿತು. ಅಂದಿನಿಂದ ಇದು ನಮ್ಮ ನಾಡಿನ ಹೆಮ್ಮೆಯ ದಿನ. ಮಗಳು ಗೌನು ಧರಿಸಿ ನಿಂತದ್ದನ್ನು ನೋಡಲು ಹೊಲದ ಕೆಲಸ ಬಿಟ್ಟು ಬಂದ ತಂದೆತಾಯಿಯರನ್ನು ಎಷ್ಟೋ ಸಲ ಕಂಡಿದ್ದೇನೆ. ಆ ದಿನ ಇರಲಿ, ವೈಭವದಿಂದಲೇ ಇರಲಿ. ಬರುವ ಇಚ್ಛೆಯುಳ್ಳವರು ಅದಕ್ಕಾಗಿ ಹೆಸರು ನೋಂದಾಯಿಸಲಿ. ಪದವಿ ಮಾತ್ರ ಅದಕ್ಕೆ ಕಟ್ಟಿಬೀಳಬಾರದು.

ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಸದಸ್ಯರಲ್ಲಿ, ಮೌಲ್ಯಮಾಪನ ಕುಲಸಚಿವರಲ್ಲಿ ನನ್ನ ಬೇಡಿಕೆ ಇಷ್ಟು. ನಾಲ್ಕನೇ ಸೆಮಿಸ್ಟರ್‌ನ ಪ್ರವೇಶ ಶುಲ್ಕ ಕಟ್ಟುವಾಗಲೇ ಪದವಿಯ ಅರ್ಜಿಯನ್ನೂ ಪಡೆಯಿರಿ. ಆಗ ವಿದ್ಯಾರ್ಥಿ ತರಗತಿಯಲ್ಲೇ ಇರುತ್ತಾನೆ, ವಿಭಾಗದ ಮುಖ್ಯಸ್ಥರು ಒಬ್ಬರನ್ನೂ ಬಿಡದೆ ಅರ್ಜಿ ತುಂಬಿಸಬಹುದು. ಹೆಸರನ್ನು ಎರಡೂ ಭಾಷೆಗಳಲ್ಲಿ ಅವನಿಂದಲೇ ಬರೆಸಿ ಸಹಿ ಪಡೆಯಿರಿ. ಹಿಂದಿನ ಮೂರು ಸೆಮಿಸ್ಟರ್‌ಗಳ ಕ್ರೆಡಿಟ್ ಲೆಕ್ಕವನ್ನು ಒಂದು ತಿಂಗಳೊಳಗೆ ಲಿಖಿತವಾಗಿ ಕೊಡಿ. ಗ್ರಂಥಾಲಯ ಮತ್ತು ಹಾಸ್ಟೆಲ್‌ನ ಬಾಕಿಯನ್ನೂ ಆಗಲೇ ತಿಳಿಸಿ. ಅಂತಿಮ ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿ ಮತ್ತೇನನ್ನೂ ಕೇಳುವ ಅಗತ್ಯವಿಲ್ಲದೆ ತಾತ್ಕಾಲಿಕ ಪ್ರಮಾಣಪತ್ರ ಅಂಕಪಟ್ಟಿಯ ಜೊತೆಗೇ ಬರಲಿ, ಪದವಿ 180 ದಿನಗಳೊಳಗೆ ಅಂಚೆಯಲ್ಲಿ ಮನೆ ಸೇರಲಿ.

ಸರ್ಕಾರಕ್ಕೂ ಒಂದು ಮಾತು. ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಾಗರಿಕರಿಗಿದೆ. ಮೊತ್ತ ಸಣ್ಣದು, ಆದರೆ ಅದನ್ನು ತಪ್ಪಿತಸ್ಥ ಅಧಿಕಾರಿ ಕೊಡಬೇಕಾಗುತ್ತದೆ ಎಂಬುದು ದೊಡ್ಡದು. ಎಲ್ಲ ವಿಶ್ವವಿದ್ಯಾಲಯಗಳ ಪದವಿ ಪ್ರಮಾಣಪತ್ರಕ್ಕೂ 180 ದಿನಗಳ ಮಿತಿಯೊಂದಿಗೆ ಈ ಹಕ್ಕು ಅನ್ವಯಿಸಲಿ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಮಾತೃ ವಿಶ್ವವಿದ್ಯಾಲಯಕ್ಕೆ ಮರಳಿ ಸೇರಿಸುವ ಚರ್ಚೆ 2025ರಲ್ಲಿ ಎದ್ದ ಮೇಲಂತೂ, ತಮಗೆ ಪದವಿ ಕೊಡುವವರು ಯಾರು ಎಂಬ ಆತಂಕ ಅಲ್ಲಿನ ವಿದ್ಯಾರ್ಥಿಗಳದ್ದು. ಯಾವ ಕಚೇರಿ ಎಷ್ಟು ದಿನದೊಳಗೆ ಅವರ ಪದವಿ ಕೊಡುತ್ತದೆ ಎಂಬುದನ್ನು ಉನ್ನತ ಶಿಕ್ಷಣ ಇಲಾಖೆ ಆದೇಶದಲ್ಲೇ ಸ್ಪಷ್ಟಪಡಿಸಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕಿ, ಹಾಸನ